ಗುರುಗುಟ್ಟುವ ನಾಯಿಯನ್ನು ಗದರಿಸಬೇಡಿ

ಕಳೆದ ವರ್ಷ ಆರು ವರ್ಷದ ಲ್ಯಾಬ್ರಡಾರ್ ನಾಯಿಯೊಂದನ್ನು ನನ್ನ ಚಿಕಿತ್ಸಾಲಯಕ್ಕೆ ಕರೆತಂದ ದಂಪತಿಯ ದೂರು ಒಂದೇ ಆಗಿತ್ತು: "ಡಾಕ್ಟ್ರೇ, ಇದು ಯಾವ ಸುಳಿವೂ ಕೊಡದೆ ಮಗುವಿನ ಕೈಗೆ ಬಾಯಿ ಹಾಕಿಬಿಟ್ಟಿತು." ಮಾತನಾಡುತ್ತ ಹೋದಂತೆ ಬೇರೆಯೇ ಸಂಗತಿ ತಿಳಿಯಿತು. ಮೂರು ತಿಂಗಳ ಹಿಂದೆ ಮಗು ಹತ್ತಿರ ಬಂದಾಗಲೆಲ್ಲ ಅದು ಗುರುಗುಟ್ಟುತ್ತಿತ್ತು, ಪ್ರತಿ ಸಲವೂ ಮೂತಿಗೆ ಏಟು ಬೀಳುತ್ತಿತ್ತು, ಕೆಲವು ವಾರಗಳಲ್ಲಿ ಗುರುಗುಟ್ಟುವುದು ನಿಂತುಹೋಗಿತ್ತು. ನಾಯಿಗೆ ಬುದ್ಧಿ ಬಂತೆಂದು ಮನೆಯವರು ನಂಬಿದ್ದರು. ಅದು ಕಲಿತದ್ದು ಸುಮ್ಮನಿರುವುದನ್ನು ಮಾತ್ರ. ಮಗು ಮುಟ್ಟೀತೆಂಬ ಅಳುಕು ಒಳಗೆ ಹಾಗೆಯೇ ಇತ್ತು.

ಕಚ್ಚುವ ಪ್ರಮೇಯವೇ ಬಾರದಿರಲಿ ಎಂದು ನಾಯಿ ಗುರುಗುಟ್ಟುತ್ತದೆ. ಅದಕ್ಕೂ ಮುನ್ನ ಅದು ಇನ್ನೂ ಮೆಲ್ಲಗೆ ಹೇಳಿರುತ್ತದೆ: ತಿನ್ನಲು ಏನೂ ಇಲ್ಲದಿದ್ದರೂ ತುಟಿ ನೆಕ್ಕಿಕೊಳ್ಳುತ್ತದೆ, ನಿದ್ದೆ ಬಾರದಿದ್ದರೂ ಆಕಳಿಸುತ್ತದೆ, ಮುಖ ಆಚೆ ತಿರುಗಿಸಿ ಕಣ್ಣಂಚಿನ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತದೆ. ಕೊನೆಗೆ ಮೈಯೆಲ್ಲ ಬಿಗಿಯಾಗಿ, ಒಂದೆರಡು ಕ್ಷಣ ಕಲ್ಲಿನಂತೆ ನಿಂತುಬಿಡುತ್ತದೆ. ನನ್ನ ಅನುಭವದಲ್ಲಿ ಜನರು ಅತಿ ಹೆಚ್ಚಾಗಿ ಕಡೆಗಣಿಸುವುದು ಈ ಸ್ತಬ್ಧತೆಯನ್ನೇ; "ಎಷ್ಟು ತಾಳ್ಮೆಯಿಂದ ನಿಂತಿದೆ ನೋಡಿ" ಎನ್ನುತ್ತಾರೆ. ಬಾಲ ಆಡುತ್ತಿದೆ ಎಂಬುದನ್ನೂ ನೆಚ್ಚಿಕೊಳ್ಳುವಂತಿಲ್ಲ. ಬಿಗಿಯಾದ ಮೈಯ ಮೇಲೆ ಎತ್ತರಕ್ಕೆ ನೆಟ್ಟು ಸಣ್ಣಗೆ ನಡುಗುವ ಬಾಲ ಸ್ನೇಹವನ್ನು ಹೇಳುವುದಿಲ್ಲ.

ಆ ದಂಪತಿ ತಮ್ಮ ಮೊಬೈಲಿನಲ್ಲಿದ್ದ ಒಂದು ವಿಡಿಯೊ ತೋರಿಸಿದರು. ಮಗು ನಾಯಿಯ ಕೊರಳನ್ನು ಎರಡೂ ಕೈಗಳಿಂದ ತಬ್ಬಿದೆ. ನಾಯಿ ಆಕಳಿಸುತ್ತದೆ, ಮುಖ ತಿರುಗಿಸುತ್ತದೆ, ಮತ್ತೆ ಆಕಳಿಸುತ್ತದೆ. ಮುದ್ದಾಗಿದೆಯೆಂದು ಅವರು ಅದನ್ನು ಬಂಧುಗಳಿಗೆಲ್ಲ ಕಳುಹಿಸಿದ್ದರು. ನಾಯಿಯ ಎಡಗಿವಿಯನ್ನು ಪರೀಕ್ಷಿಸಿದಾಗ ಒಳಗೆಲ್ಲ ಸೋಂಕಿನಿಂದ ಕೆಂಪಾಗಿತ್ತು. ಮಗುವಿನ ತೋಳು ಒತ್ತುತ್ತಿದ್ದುದು ಆ ಕಿವಿಯನ್ನೇ. ಶಾಂತವಾಗಿದ್ದ ಪ್ರಾಣಿಯ ನಡವಳಿಕೆ ಇದ್ದಕ್ಕಿದ್ದಂತೆ ಬದಲಾದರೆ ಮೊದಲು ನೋವನ್ನು ಹುಡುಕಬೇಕು, ತರಬೇತಿಯ ಮಾತು ಆಮೇಲೆ.

"ಅದರ ಮುಖ ನೋಡಿದರೇ ತಪ್ಪು ಮಾಡಿದ್ದು ಅದಕ್ಕೆ ಗೊತ್ತೆಂದು ತಿಳಿಯುತ್ತದೆ" ಎಂದು ಹೇಳುವವರೂ ಬಹಳ. ನಾಯಿಗಳ ನಡವಳಿಕೆಯ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಅವರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇಡವೆಂದ ತಿಂಡಿಯನ್ನು ತಿಂದ ನಾಯಿಗಳಷ್ಟೇ ಅಲ್ಲ, ತಿನ್ನದ ನಾಯಿಗಳೂ ಒಡೆಯರು ಗದರಿದಾಗ ಅದೇ ಮುಖ ತೋರಿದವು. ತಗ್ಗಿದ ತಲೆ ಗದರಿಕೆಗೆ ಕೊಟ್ಟ ಉತ್ತರವಷ್ಟೇ ಆಗಿರುವಾಗ, ಅದನ್ನು ತಪ್ಪೊಪ್ಪಿಗೆಯೆಂದು ತಿಳಿದು ಇನ್ನಷ್ಟು ಗದರುವುದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಹಾಗಾದರೆ ಗುರುಗುಟ್ಟಿದಾಗ ಮಾಡಬೇಕಾದದ್ದೇನು? ಮಾಡುತ್ತಿದ್ದುದನ್ನು ನಿಲ್ಲಿಸಿ, ನಾಯಿಗೆ ಜಾಗ ಬಿಟ್ಟುಕೊಡಿ. ಏಕೆ ಹಾಗಾಯಿತೆಂದು ಬಳಿಕ ಯೋಚಿಸಿ. ಪುಟ್ಟ ಮಕ್ಕಳನ್ನೂ ನಾಯಿಯನ್ನೂ ಹಿರಿಯರಿಲ್ಲದೆ ಒಟ್ಟಿಗೆ ಬಿಡಬೇಡಿ. ನೇವರಿಸುವಾಗ ಮೂರು ಸೆಕೆಂಡಿಗೊಮ್ಮೆ ಕೈ ಹಿಂದೆಗೆದು ನೋಡಿ: ಬೇಕಿದ್ದರೆ ಅದೇ ಮೈ ಒರಗಿಸಿಕೊಂಡು ಬರುತ್ತದೆ, ಬೇಡವಾದರೆ ಸರಿದುಹೋಗುತ್ತದೆ. ಭಯ ಕಳೆಯಬೇಕಾದರೆ, ನಾಯಿ ನಿರಾಳವಾಗಿರುವಷ್ಟು ದೂರದಲ್ಲಿ ಮಗು ಕಾಣಿಸಿಕೊಂಡ ಒಂದೆರಡು ಸೆಕೆಂಡಿನೊಳಗೆ ಅದಕ್ಕೆ ಇಷ್ಟದ ತಿನಿಸು ಸಿಗಬೇಕು. ತಡವಾದರೆ ತಿನಿಸು ಯಾವುದರ ಜೊತೆ ಬಂತೆಂಬುದು ಅದಕ್ಕೆ ತಿಳಿಯುವುದಿಲ್ಲ. ಆ ಅಂತರವನ್ನು ದಿನಗಳಲ್ಲಲ್ಲ, ವಾರಗಳಲ್ಲಿ ಕಡಿಮೆ ಮಾಡಬೇಕು. ಬೆಕ್ಕಿನ ವಿಷಯದಲ್ಲೂ ಇಷ್ಟೇ: ಬಾಲದ ತುದಿ ಪಟಪಟನೆ ಬಡಿಯತೊಡಗಿದರೆ, ಬೆನ್ನಿನ ಚರ್ಮ ಅದುರಿದರೆ ಕೈ ತೆಗೆಯಿರಿ.

ಆ ನಾಯಿಯ ಕಿವಿ ವಾಸಿಯಾಗಿ ಕೆಲವು ತಿಂಗಳ ನಂತರ ಮಗುವಿನ ತಾಯಿ ಫೋನ್ ಮಾಡಿದರು. ಹಾಸಿಗೆಯಲ್ಲಿ ಮಲಗಿದ್ದ ನಾಯಿ, ಮಗು ಪಕ್ಕಕ್ಕೆ ಬಂದಾಗ ಒಮ್ಮೆ ಗುರುಗುಟ್ಟಿತಂತೆ. "ನಾನು ಏನೂ ಅನ್ನಲಿಲ್ಲ ಡಾಕ್ಟ್ರೇ, ಮಗುವನ್ನು ಈಚೆ ಕರೆದುಕೊಂಡೆ, ಅದು ಮತ್ತೆ ತಲೆ ಇಟ್ಟು ಮಲಗಿತು" ಎಂದರು.