ಅಂಗಿ ಬಿಚ್ಚಿ ಹೋಗುವ ಏಡಿಗೆ ವಯಸ್ಸೆಷ್ಟು?

ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ನಾಟಿ ಗದ್ದೆಯ ಬದುವಿನಿಂದ ಹಿಡಿದು ತಂದ ಏಡಿಗಳನ್ನು ಶುಚಿ ಮಾಡುವಾಗ ಅವ್ವ ಒಂದೆರಡನ್ನು ಪಕ್ಕಕ್ಕೆ ಎಸೆಯುತ್ತಿದ್ದಳು. ಬೆರಳಲ್ಲಿ ಒತ್ತಿದರೆ ಅವುಗಳ ಚಿಪ್ಪು ಹಸಿ ಹಪ್ಪಳದ ಹಾಗೆ ಬಾಗುತ್ತಿತ್ತು. "ಮೊನ್ನೆ ಮೊನ್ನೆ ಅಂಗಿ ಬಿಚ್ಚಿದ್ದು, ಒಳಗೆ ಬರೀ ನೀರು" ಎನ್ನುತ್ತಿದ್ದಳು. ಏಡಿ, ಸಿಗಡಿ, ಲಾಬ್‌ಸ್ಟರ್‌ಗಳ ವಯಸ್ಸು ಹೇಳಲು ಹೊರಟ ವಿಜ್ಞಾನಿಗಳನ್ನು ನೂರಕ್ಕೂ ಹೆಚ್ಚು ವರ್ಷ ಕಾಡಿದ್ದು ಇದೇ ಅಂಗಿ.

ನಮ್ಮ ತೋಟದ ಅಂಚಿನ ತೇಗ ಉರುಳಿದರೆ ಬುಡದ ಉಂಗುರ ಎಣಿಸಬಹುದು. ಮೀನಿಗೂ ಅಂಥದ್ದೇ ಲೆಕ್ಕ ಇದೆ. ಸ್ವೀಡನ್ನಿನ ಪಾದ್ರಿ ಹೆಡರ್‌ಸ್ಟ್ರೋಮ್ 1759ರಲ್ಲೇ ಮೀನಿನ ಬೆನ್ನುಮೂಳೆಯ ಉಂಗುರ ಎಣಿಸಿ ವಯಸ್ಸು ಹೇಳಿದ್ದ. ಆಮೇಲೆ ಹುರುಪೆ ಬಂತು, ಕಿವಿಯೊಳಗಿನ ಕಲ್ಲು ಬಂತು. ಏಡಿಗೆ ಮಾತ್ರ ಯಾವುದೂ ಒಗ್ಗಲಿಲ್ಲ. ಬೆಳೆಯಬೇಕಾದರೆ ಅದು ಹಳೆಯ ಚಿಪ್ಪಿನ ಹಿಂಭಾಗ ಬಿರಿದು, ಹಿಮ್ಮುಖವಾಗಿ ಹೊರಬರಬೇಕು. ಕಾಲು, ಕೊಂಡಿ ಮಾತ್ರವಲ್ಲ, ಕಣ್ಣಿನ ಹೊದಿಕೆ, ಹೊಟ್ಟೆಯ ಒಳಪೊರೆ ಕೂಡ ಹಳೆಯ ಚಿಪ್ಪಿನ ಜೊತೆ ಹೋಗುತ್ತವೆ. ಹಲವು ಏಡಿಗಳು ಸುಣ್ಣದಂಶಕ್ಕಾಗಿ ಬಿಟ್ಟ ಚಿಪ್ಪನ್ನೇ ತಿಂದುಬಿಡುತ್ತವೆ. ದಾಖಲೆಯನ್ನು ತಾನೇ ನುಂಗುವ ಪ್ರಾಣಿ!

ಹಾಗಾಗಿ ಮೊದಲ ದಾರಿ ಗಾತ್ರದ್ದು. 1890ರ ದಶಕದಲ್ಲಿ ಡೆನ್ಮಾರ್ಕಿನ ಪೀಟರ್ಸನ್ ಬಲೆಗೆ ಬಿದ್ದ ಮೀನುಗಳನ್ನೆಲ್ಲ ಅಳೆದು, ಯಾವ ಉದ್ದದವು ಎಷ್ಟಿವೆ ಎಂದು ಗುಂಪು ಮಾಡಿದ. ಒಂದೊಂದು ಗುಂಪು ಒಂದೊಂದು ವರ್ಷದ ಮರಿಗಳದ್ದು ಎಂಬುದು ತರ್ಕ. ಸಿಗಡಿ, ಏಡಿಗಳ ಲೆಕ್ಕಕ್ಕೂ ಇದೇ ಬಂತು, ಇಂದಿಗೂ ಇದೆ. ಆದರೆ ದೊಡ್ಡವಾದ ಮೇಲೆ ಗುಂಪುಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಅಂಟಾರ್ಕ್ಟಿಕಾದ ಕ್ರಿಲ್ ಎಂಬ ಸಿಗಡಿಯಂಥ ಪುಟ್ಟ ಪ್ರಾಣಿ ಇನ್ನೂ ಕಿಲಾಡಿ. ಪ್ರಯೋಗಾಲಯದಲ್ಲಿ 200 ದಿನಕ್ಕೂ ಹೆಚ್ಚು ಉಪವಾಸ ಕೆಡವಿದಾಗ ಅದು ಸಾಯಲಿಲ್ಲ, ಪ್ರತಿ ಸಲ ಪೊರೆ ಬಿಟ್ಟಾಗಲೂ ಸಣ್ಣದಾಗುತ್ತ ಹೋಯಿತು ಎಂದು 1982ರಲ್ಲಿ ವರದಿಯಾಯಿತು. ಸಣ್ಣದೆಲ್ಲ ಮರಿಯಲ್ಲ ಎಂದಾಯಿತು.

ಇದು ಬರೀ ಕುತೂಹಲದ ಪ್ರಶ್ನೆಯಲ್ಲ. ಸಂಪಾಜೆ ಘಾಟಿ, ಮಾಕುಟ್ಟ ಹತ್ತಿ ಕೊಡಗಿಗೆ ಬರುವ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿರುವ ಏಡಿ ಆ ಗಾತ್ರಕ್ಕೆ ಬರಲು ಒಂದು ವರ್ಷ ಸಾಕೋ, ಐದು ಬೇಕೋ ಗೊತ್ತಿಲ್ಲದೆ ಕಡಲಿನಿಂದ ಎಷ್ಟು ಎತ್ತಬಹುದು ಎಂದು ಹೇಳುವುದು ಹೇಗೆ?

ಪೊರೆಯ ಜೊತೆ ಹೋಗದ ಏನಾದರೂ ಮೈಯೊಳಗೆ ಇರಬೇಕಲ್ಲ. 1980, 90ರ ದಶಕಗಳಲ್ಲಿ ಕಣ್ಣು ಬಿದ್ದದ್ದು ಲಿಪೋಫಸ್ಕಿನ್ ಮೇಲೆ. ಜೀವಕೋಶ ಹೊರಹಾಕಲಾಗದೆ ಉಳಿಸಿಕೊಂಡ ಕಸ ಅದು, ಮುದುಕರ ನರಕೋಶಗಳಲ್ಲೂ ಸಿಗುತ್ತದೆ. ಲಾಬ್‌ಸ್ಟರ್ ಮಿದುಳಿನಲ್ಲಿ ಅದನ್ನು ಅಳೆದ ಶೀಹಿ ಮತ್ತು ಸಂಗಡಿಗರು 1999ರಲ್ಲಿ ಯುರೋಪಿನ ಲಾಬ್‌ಸ್ಟರ್ ಗಂಡಿಗೆ ಸರಾಸರಿ 31 ವರ್ಷ, ಹೆಣ್ಣಿಗೆ 54 ವರ್ಷ ಆಯುಸ್ಸು ಎಂದು ಅಂದಾಜು ಕೊಟ್ಟರು. ತೊಂದರೆ ಏನೆಂದರೆ ನೀರು ಬೆಚ್ಚಗಾದರೆ ಈ ಕಸ ಬೇಗ ಬೇಗ ಸೇರುತ್ತದೆ. ಮಂಗಳೂರಿನ ಕಡಲಿಗೆ ಉತ್ತರದ ತಣ್ಣೀರಿನ ಲೆಕ್ಕ ಹಾಗೇ ಹೊಂದುವುದಿಲ್ಲ.

ಲಾಬ್‌ಸ್ಟರ್‌ಗೆ ಸಾವೇ ಇಲ್ಲ ಎಂಬ ವಾಟ್ಸ್ಆ್ಯಪ್ ಕಥೆಯ ಬೇರೂ ಅದೇ ಕಾಲದ್ದು. ವರ್ಣತಂತುಗಳ ತುದಿ ಸವೆಯದಂತೆ ಕಾಯುವ ಟೆಲೊಮೆರೇಸ್ ಎಂಬ ಕಿಣ್ವ ಬೆಳೆದ ಲಾಬ್‌ಸ್ಟರ್‌ನ ಮೈಯಲ್ಲೂ ಕೆಲಸ ಮಾಡುತ್ತಲೇ ಇರುತ್ತದೆ ಎಂದು 1998ರಲ್ಲಿ ಪ್ರಕಟವಾಯಿತು. ಅಷ್ಟಕ್ಕೇ ಅಮರತ್ವ ಕಟ್ಟಿದರು. ದೊಡ್ಡದಾದಷ್ಟೂ ಪೊರೆ ಬಿಡುವ ಶ್ರಮ ಹೆಚ್ಚು, ಅರ್ಧಕ್ಕೇ ಸಿಕ್ಕಿಕೊಂಡು ಸಾಯುವವೂ ಇವೆ.

ಅತಿ ದೊಡ್ಡ ಸದ್ದು 2012ರದ್ದು. ಕೆನಡಾದ ಕಿಲಾಡಾ ಮತ್ತು ಜೊತೆಗಾರರು ಏಡಿ, ಲಾಬ್‌ಸ್ಟರ್, ಸಿಗಡಿಗಳ ಕಣ್ಣಿನ ಕಾಂಡದಲ್ಲಿ, ಹೊಟ್ಟೆಯೊಳಗಿನ ಅರೆಯುವ ಹಲ್ಲಿನಲ್ಲಿ ಮರದಂಥ ಪಟ್ಟೆಗಳಿವೆ ಎಂದರು. ಆ ಹಲ್ಲು ನಮಗೆ ಹೊಸದಲ್ಲ, ಏಡಿಯ ಬೆನ್ನಿನ ಚಿಪ್ಪು ಕಿತ್ತಾಗ ಬಾಯಿಯ ಹಿಂದಿನ ಚೀಲದಲ್ಲಿ ಕಂದು ಬಣ್ಣದ ಗಟ್ಟಿ ಚೂರಾಗಿ ಉಗುರಿಗೆ ತಾಗುತ್ತದೆ. ಆದರೆ ಕೆಲವೇ ವರ್ಷಗಳಲ್ಲಿ, ನಾರ್ವೆ ಲಾಬ್‌ಸ್ಟರ್‌ನಲ್ಲಿ ಆ ಹಲ್ಲೂ ಪೊರೆಯ ಜೊತೆಗೇ ಬೀಳುತ್ತದೆ ಎಂದು ಬೇರೆಯವರು ತೋರಿಸಿದರು. ಬಿದ್ದುಹೋದ ಹಲ್ಲಿನಲ್ಲಿ ಹಳೆಯ ವರ್ಷ ಎಲ್ಲಿಂದ ಬರಬೇಕು? ಪಟ್ಟೆ ಇರುವುದು ನಿಜ, ಅದು ವರ್ಷಕ್ಕೊಂದೇ ಎಂಬುದು ನನಗಂತೂ ಒಪ್ಪಿಗೆಯಾಗಿಲ್ಲ.

ಚಿಪ್ಪು ಬಿಡದ ಪ್ರಾಣಿಗಳದ್ದು ಸುಲಭ. ಐಸ್‌ಲ್ಯಾಂಡ್ ಕಡಲಿನಿಂದ 2006ರಲ್ಲಿ ಎತ್ತಿದ ಒಂದು ಕಪ್ಪೆಚಿಪ್ಪಿಗೆ ಮೊದಲು 405 ವರ್ಷ ಎಂದರು, ಮತ್ತೆ ಎಣಿಸಿ 2013ರಲ್ಲಿ 507 ಎಂದು ತಿದ್ದಿದರು. ಕೃಷ್ಣದೇವರಾಯ ಪಟ್ಟಕ್ಕೇರಿದಾಗ ಅದಕ್ಕೆ ಹತ್ತು ವರ್ಷ, ಹಾಲೇರಿ ಅರಸರು ಇನ್ನೂ ಕೊಡಗಿಗೆ ಕಾಲಿಟ್ಟಿರಲಿಲ್ಲ.

ಈಗಿನ ಹೊಸ ದಾರಿ ಡಿಎನ್‌ಎ ಮೇಲೆ ವಯಸ್ಸಾದಂತೆ ಬದಲಾಗುವ ರಾಸಾಯನಿಕ ಗುರುತುಗಳದ್ದು. ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದವರು 2021ರಲ್ಲಿ ಲಾಬ್‌ಸ್ಟರ್‌ಗೆ ಇದನ್ನು ಹೊಂದಿಸಿದರು. ಅದಕ್ಕೆ ಹುಟ್ಟಿದ ದಿನ ಗೊತ್ತಿರುವ, ಸಾಕಿದ ಲಾಬ್‌ಸ್ಟರ್‌ಗಳೇ ಬೇಕಾದವು. ಕಡಲಿನ ಏಡಿಯ ಮರಿ ನೀರಲ್ಲಿ ತೇಲಿಕೊಂಡು ಎಲ್ಲೋ ಹೋಗುತ್ತದೆ, ಹುಟ್ಟಿದ ದಿನ ಹಿಡಿಯುವುದು ಕಷ್ಟ. ಗದ್ದೆಯ ಏಡಿಯದ್ದು ಹಾಗಲ್ಲ. ಮೊಟ್ಟೆಯಿಂದ ನೇರ ಪುಟ್ಟ ಏಡಿಯೇ ಬರುತ್ತದೆ, ತಾಯಿ ಅವನ್ನು ಹೊಟ್ಟೆಯ ಮಡಿಕೆಯಲ್ಲಿ ಹೊತ್ತು ತಿರುಗುತ್ತದೆ. ಚಿಕ್ಕಂದಿನಲ್ಲಿ ಆ ಮಡಿಕೆ ಎತ್ತಿ ನೋಡಿ, ಕಡಲೆಬೇಳೆಯಷ್ಟಿನ ಮರಿಗಳು ಬಕೆಟ್ ತುಂಬ ಚದುರಿದಾಗ ಅವ್ವನಿಂದ ಬೈಸಿಕೊಂಡು, ಬಕೆಟ್ ಸಮೇತ ಗದ್ದೆಗೆ ಓಡಿದ್ದೆ.