ಪೆಟಗಿ ಕೈಯಿಂದ ಆರ್ಗನ್ ಕೈಗೆ: ಹಳೇ ನಮೂನಿ ಕೀಬೋರ್ಡ್‌ಗಳ ಮ್ಯಾಲ ನನ್ನ ಟಿಪ್ಪಣಿ

ಶಹಾಪುರದಾಗ ನಮ್ಮ ಜೋಡಿ ಹಾರ್ಮೋನಿಯಂ ಕಲಿಯೋ ಇಬ್ಬರು ಮೂವರು ಒಂದ ಪ್ರಶ್ನಿ ಕೇಳಾಕತ್ತಾರ, ಪೆಟಗಿ ಒಂದೀಟು ಕೈಗೆ ಹತ್ತೇತಿ, ಈಗ ಒಂದು ಕೀಬೋರ್ಡ್ ತಗೋಬೇಕು, ಆ ಹಳೇ ಕಾಲದ ಆರ್ಗನ್ ಸೌಂಡು ಎಲೆಕ್ಟ್ರಿಕ್ ಪಿಯಾನೋ ಸೌಂಡು ಬರೋ ಅಂಥಾದ್ದು, ಹೆಗಲಿಗೆ ಹಾಕ್ಕೊಂಡು ಬಸ್ಸಿನಾಗ ಒಯ್ಯಾಕ ಬರಬೇಕು, ಯಾವುದು ಚಲೋ ಅಂತ. ಒಬ್ಬೊಬ್ಬರಿಗೆ ಬಿಡಿಬಿಡಿ ಹೇಳೂಕಿಂತ ನಾ ಓದಿದ್ದು, ಬಾರಿಸಿ ನೋಡಿದ್ದು ಎಲ್ಲಾ ಒಂದ ಕಡೆ ಬರದಿಟ್ರ ಆತು ಅಂತ ಬರ್ಯಾಕತ್ತೀನಿ.

ಮೊದಲ ನನ್ನ ತಪ್ಪು ಹೇಳ್ತೀನಿ, ನೀವು ಅದನ್ನ ಮಾಡಬ್ಯಾಡ್ರಿ. ಮೂರು ವರ್ಷದ ಹಿಂದ ನಾ ಒಂದು 88 ಕೀಯ ವೇಟೆಡ್ ಪಿಯಾನೋ ತಗೊಂಡೆ, ಕೀ ಭಾರ ಇದ್ದಷ್ಟು ವಾದ್ಯ ಚಲೋ ಅಂತ ಅಂಗಡಿಯವರು ಹೇಳಿದ್ರು, ನಾನೂ ನಂಬಿದೆ. ಮನಿಗೆ ತಂದು ಆರ್ಗನ್ ಟೋನ್ ಹಚ್ಚಿ, ಪೆಟಗಿ ಮ್ಯಾಲ ಬಾರಿಸೋ ತಾನ್ ಬಾರಿಸಾಕ ಹೋದ್ರ ಬೆರಳು ಏಳವಲ್ಲವು. ಅಂಗೈಯಿಂದ ಸರ್ರನ ಎಳಿಯೋ ಜಾಗದಾಗ ಕೀಯ ಅಂಚು ಬಡದು ನೋವಾಗಾಕ ಹತ್ತಿತು. ವಾದ್ಯ ಕೆಟ್ಟದ್ದಲ್ಲ, ಪಿಯಾನೋ ಬಾರಿಸವರಿಗೆ ಬಂಗಾರದಂಥಾದ್ದು, ನನ್ನ ಕೈ ಬ್ಯಾರೆ ಇತ್ತು ಅಷ್ಟ. ಆಮ್ಯಾಲ ತಿಳೀತು, ಪೆಟಗಿ ಕೈ ಇದ್ದವರಿಗೆ ಆರ್ಗನ್ ಸಮೀಪದ ಸಂಬಂಧ, ಪಿಯಾನೋ ದೂರದ್ದು. ಇದು ಯಾಕ ಹಂಗ ಅನ್ನೋದು ತಿಳಿಬೇಕಂದ್ರ ಯಾವ ವಾದ್ಯದಾಗ ಧ್ವನಿ ಎಲ್ಲಿಂದ ಹುಟ್ಟತೈತಿ ಅನ್ನೋದನ್ನ ನೋಡಬೇಕು, ಬ್ರ್ಯಾಂಡು ಮಾಡೆಲ್ಲು ಎಲ್ಲಾ ಆಮ್ಯಾಲ.

ಪೆಟಗಿಯಿಂದನ ಶುರು ಮಾಡೂಣು. ಪ್ಯಾರಿಸ್‌ನಾಗ ಅಲೆಕ್ಸಾಂಡರ್ ದೆಬೇನ್ 1842ರಾಗ ಹಾರ್ಮೋನಿಯಂ ಅನ್ನೋ ಹೆಸರಲೇ ಪೇಟೆಂಟ್ ಮಾಡಿಸಿದಾಗ ಅದು ಕಾಲಿನಿಂದ ತುಳಿಯೋದಿತ್ತು, ನಿಂತ ಟೇಬಲ್‌ನಂಥಾದ್ದು. ಅದನ್ನ ನೆಲದ ಮ್ಯಾಲ ಕುಂತು ಬಾರಿಸೋ ಕೈಪೆಟಗಿ ಮಾಡಿದ ಕೆಲಸ ಕಲ್ಕತ್ತಾದಾಗ ಆತು, ದ್ವಾರಕಾನಾಥ ಘೋಷ್ ಅವರ ಹೆಸರು ಅದಕ್ಕ ಹೇಳ್ತಾರ. ಕೈಪೆಟಗಿ ಬಂದ ಮ್ಯಾಲ ವಾದ್ಯ ಸಣ್ಣದಾತು, ಖರೇ, ಆದ್ರ ಒಂದು ಕೈ ಗಾಳಿಗೆ ಹೋತು. ಕಾಲಪೆಟಗಿಯೊಳಗ ಎರಡೂ ಕೈ ಖಾಲಿ ಇರತಾವ, ಅದಕ್ಕ ನಮ್ಮ ಕಡೆ ಕಂಪನಿ ನಾಟಕದವರು ಕಾಲಪೆಟಗಿ ಬಿಡಲಿಲ್ಲ, ಎದುರಿನ ಪಿಟ್‌ನಾಗ ಕುಂತು ತುಳಕೋತ ಎರಡೂ ಕೈಲೆ ತುಂಬಿ ಬಾರಿಸಿದ್ರ ಹಿಂದಿನ ಸಾಲಿನವರಿಗೂ ಕೇಳತಿತ್ತು. ಪಾರಿಜಾತ, ಸಣ್ಣಾಟ ಅನ್ನೋ ಬಯಲಾಟ, ಭಜನಿ ಇವಕ್ಕ ಮಾತ್ರ ಕೈಪೆಟಗಿನ, ಯಾಕಂದ್ರ ಅದನ್ನ ಹೊತಗೊಂಡು ಊರೂರು ತಿರಗಬೇಕು.

ಒಳಗ ಏನೈತಿ ಅಂದ್ರ ಹಿತ್ತಾಳಿ ರೀಡು, ಒಂದು ತುದಿ ಬಿಗಿ, ಇನ್ನೊಂದು ತುದಿ ಬಿಡಿ, ಗಾಳಿ ಹೋದಾಗ ಅಲ್ಲಾಡತೈತಿ. ರೀಡಿನ ತುದಿ ಒಂಚೂರು ಕೆರದ್ರ ಸ್ವರ ಏರತೈತಿ, ಬುಡದ ಕಡೆ ಕೆರದ್ರ ಇಳಿತೈತಿ, ರಿಪೇರಿ ಮಾಡವರು ಮಾಡೋದು ಇಷ್ಟ, ಆದ್ರ ಆ ಕೈಗೆ ವರ್ಷಗಟ್ಟಲೆ ರೂಢಿ ಬೇಕು. ಈಗ ಮುಖ್ಯದ ಮಾತು ನೋಡ್ರಿ: ಪೆಟಗಿಯೊಳಗ ಕೀ ಜೋರ್ ಒತ್ರೂ ಅಷ್ಟ, ಮೆಲ್ಲಕ ಒತ್ರೂ ಅಷ್ಟ. ಕೀ ಬರೇ ಬಾಗಲಾ ತಗೀತೈತಿ. ಜೋರು ಸಣ್ಣ ಮಾಡೋದು ಎಲ್ಲಾ ಭಾತೆ, ಅಂದ್ರ ಗಾಳಿ ಒತ್ತೋ ಕೈ. ಬೆರಳು ಎತ್ತೋತನ ಸ್ವರ ನಿಂತಿರತೈತಿ, ಎತ್ತಿದ ಕ್ಷಣ ಸಾಯತೈತಿ. ಈ ಮೂರೂ ಗುಣ ಹಂಗ ಹಂಗ ಆರ್ಗನ್‌ನಾಗ ಅದಾವು, ಒಂದೂ ಪಿಯಾನೋದಾಗ ಇಲ್ಲ.

ಇನ್ನ ಹ್ಯಾಮಂಡ್ ಆರ್ಗನ್. ಲಾರೆನ್ಸ್ ಹ್ಯಾಮಂಡ್ ಅಮೆರಿಕಾದಾಗ 1935ರಾಗ ಮೊದಲನೇದು ಮಾರಿದ್ರು, ಎಲ್ಲಾರೂ ಹೆಸರು ತಗೊಳ್ಳೋ ಬಿ-3 ಬಂದದ್ದು 1950ರ ದಶಕದ ನಡುವ. ಒಳಗ ಹಲ್ಲು ಇರೋ 91 ಉಕ್ಕಿನ ಚಕ್ರ, ಒಂದೊಂದರ ಬಾಜೂಕ ಒಂದೊಂದು ಅಯಸ್ಕಾಂತ, ಅದಕ್ಕ ಸುತ್ತಿದ ಕಾಯಿಲ್. ಮೋಟರ್ ಎಲ್ಲಾ ಚಕ್ರ ಒಂದ ಸಲ ತಿರುಗಸತೈತಿ, ಹಲ್ಲು ಅಯಸ್ಕಾಂತದ ಮುಂದ ಹಾದು ಹೋದಂಗೆಲ್ಲಾ ಕಾಯಿಲ್‌ನಾಗ ಕರೆಂಟ್ ಏಳತೈತಿ, ಅದ ಸ್ವರ. ಚಕ್ರ ಯಾವಾಗಲೂ ತಿರುಗಾಕತ್ತಿರತಾವ, ಕೀ ಒತ್ತಿದ್ರ ಸ್ವಿಚ್ ಹತ್ತಿ ಸ್ವರ ಹೊರಗ ಬರತೈತಿ ಅಷ್ಟ. ಆ ಸ್ವಿಚ್ ಹತ್ತೋ ಟಕ್ ಸಪ್ಪಳ ತಗ್ಗಿಸಬೇಕಂತ ಮಾಡವರು ಭಾಳ ಹೆಣಗಿದ್ರು, ಬಾರಿಸವರಿಗೆ ಅದ ಇಷ್ಟಾತು, ಈಗಿನ ಡಿಜಿಟಲ್ ವಾದ್ಯದಾಗ ಆ ಟಕ್ ಬೇಕಂತ ಮಾಡಿ ಹಾಕ್ತಾರ.

ಮೋಟರ್ ಓಡೋದು ಕರೆಂಟಿನ ಫ್ರೀಕ್ವೆನ್ಸಿ ಹಿಡದು. ಅಮೆರಿಕಾದಾಗ 60 ಹರ್ಟ್ಸ್, ನಮ್ಮಲ್ಲೆ 50. ಹಂಗಾಗಿ 60ಕ್ಕ ಮಾಡಿದ ಆರ್ಗನ್‌ನ 50ರ ಮ್ಯಾಲ ಓಡಿಸಿದ್ರ ಇಡೀ ವಾದ್ಯನ (ಕಪ್ಪು ಬಿಳಿ ಎಲ್ಲಾ ಕೀ ಎಣಿಸಿ) ಮೂರು ಸ್ವರಕ್ಕಿಂತ ಒಂಚೂರು ಜಾಸ್ತಿ ಕೆಳಗ ಇಳಿತೈತಿ, ಅಂದ್ರ ಬಿಳಿ 1 (ಸಪ್ತಕದ ಮೊದಲನೇ ಬಿಳಿ ಕೀ, C) ಒತ್ತಿದ್ರ ಕೆಳಗಿನ ಬಿಳಿ 6 (A) ಕೇಳತೈತಿ, ಅದೂ ಸ್ವಲ್ಪ ಬೇಸೂರು. ವೋಲ್ಟೇಜ್ ಟ್ರಾನ್ಸ್‌ಫಾರ್ಮರ್ ಹಾಕಿದ್ರೂ ಇದು ಸರಿ ಆಗಂಗಿಲ್ಲ, ಟ್ರಾನ್ಸ್‌ಫಾರ್ಮರ್ ಫ್ರೀಕ್ವೆನ್ಸಿ ಬದಲಿ ಮಾಡಂಗಿಲ್ಲ. ಎಲ್ಲಿಂದರ ಹಳೇದು ತರಸೋ ಕನಸು ಇದ್ದವರು ಇದನ್ನ ನೆನಪಿಡ್ರಿ. ಮತ್ತ ತೂಕ, ಬೆಂಚು, ಕಾಲಿನ ಪೆಡಲ್ ಎಲ್ಲಾ ಹಿಡದು ಹತ್ತತ್ರ 190 ಕೆಜಿ, ಅದನ್ನ ಹೆಗಲಿಗೆ ಹಾಕ್ಕೊಳ್ಳೋ ಮಾತ ಇಲ್ಲ.

ಡ್ರಾಬಾರ್, ಅಂದ್ರ ಹ್ಯಾಮಂಡ್‌ನಾಗ ಎಳದು ದೂಡಿ ಟೋನ್ ಕೂಡಸೋ ಕಡ್ಡಿ, ಅದರ ಬಗ್ಗೆ ಸಾವಕಾಶ ಬರೀತೀನಿ, ಯಾಕಂದ್ರ ಎಲ್ಲಾರೂ ಇಲ್ಲೇ ಅಂಜತಾರ, ಮತ್ತ ನಮಗ ಅಂಜೂ ಕಾರಣನ ಇಲ್ಲ. ಒಂಬತ್ತು ಕಡ್ಡಿ, ಒಂದೊಂದರ ಮ್ಯಾಲ 16, 5⅓, 8, 4, 2⅔, 2, 1⅗, 1⅓, 1 ಅಂತ ಬರದಿರತೈತಿ. ಇವು ಹಳೇ ಪೈಪ್ ಆರ್ಗನ್‌ನ ಕೊಳವಿ ಉದ್ದ, ಅಡಿ ಲೆಕ್ಕದಾಗ. ಅಡಿ ಬಿಡ್ರಿ, ಸ್ವರದಾಗ ಓದ್ರಿ. 8 ಅಂದ್ರ ನೀವು ಒತ್ತಿದ ಸಾ. 16 ಅಂದ್ರ ಅದರ ಕೆಳಗಿನ ಮಂದ್ರ ಸಾ. 5⅓ ಅಂದ್ರ ನಿಮ್ಮ ಸಾದ ಮ್ಯಾಲಿನ ಪಾ. 4 ತಾರ ಸಾ, 2⅔ ತಾರ ಪಾ, 2 ಅದರ ಮ್ಯಾಲಿನ ಸಾ, 1⅗ ಅದರ ಮುಂದಿನ ಗಾ, 1⅓ ಪಾ, ಕಡೀದು 1 ಮತ್ತ ಸಾ. ಅಂದ್ರ ಒಟ್ಟ ಸಾ, ಪಾ, ಒಂದು ಗಾ, ಮುಗೀತು. ಇದನ್ನ ನೀವು ತಂಬೂರಿಯೊಳಗ ದಿನಾ ಕೇಳೀರಿ! ಜವಾರಿ (ಕುದುರಿ ಮ್ಯಾಲ ತಂತಿ ಗುಂಯ್ ಅನ್ನೋ ಹದ) ಚಲೋ ಕುಂತ ತಂಬೂರಿ ಮೀಟಿದ್ರ ಯಾರೂ ಗಾ ಹಚ್ಚಿರದಿದ್ರೂ ಗಾಂಧಾರ ತಾನಾಗಿ ಕೇಳತೈತಲ್ಲ, ಅದ ಐದನೇ ಹಾರ್ಮೋನಿಕ್ (ಮೂಲ ಸ್ವರದ ಐದು ಪಟ್ಟು ಕಂಪನದ ಸ್ವರ), ಅದ ಈ 1⅗ ಕಡ್ಡಿ. ತಂಬೂರಿ ತಂತಿ ತಾನಾಗಿ ಕೊಡೋದನ್ನ ಹ್ಯಾಮಂಡ್‌ನಾಗ ನಾವು ಕೈಲೆ ಒಂದೊಂದ ಎಳದು ಕೂಡಸತೀವಿ. ಏಳನೇ ಹಾರ್ಮೋನಿಕ್‌ಗೆ ಕಡ್ಡಿನ ಇಲ್ಲ, ಆರರಿಂದ ಎಂಟಕ್ಕ ಜಿಗಿತೈತಿ, ಯಾಕಂದ್ರ ಅದು ನಮ್ಮ ಹನ್ನೆರಡು ಸ್ವರದಾಗ ಎಲ್ಲೂ ಹತ್ರ ಕೂಡಂಗಿಲ್ಲ.

ಒಂದೊಂದು ಕಡ್ಡಿಗೆ 0ಯಿಂದ 8ರ ತನಕ ಮೆಟ್ಟಲ. ಅದಕ್ಕ ಟೋನನ್ನ ಒಂಬತ್ತು ಅಂಕಿ ಬರದು ಹೇಳ್ತಾರ. 88 8000 000 ಅಂದ್ರ ಮೊದಲಿನ ಮೂರು ಪೂರಾ ಹೊರಗ, ಉಳಿದವು ಒಳಗ, ಜಾಝ್‌ನವರ ಹಳೇ ರೂಢಿ. ಭಜನಿಗೆ ನನಗ ಚಲೋ ಅನಿಸಿದ್ದು 00 8640 000, ಪೆಟಗಿಯಷ್ಟು ಚೂಪಿಲ್ಲ, ಹಾಡವರ ಕಂಠದ ಮ್ಯಾಲ ಹತ್ತಂಗಿಲ್ಲ. ಪರ್ಕಷನ್ ಅಂತ ಒಂದು ಸ್ವಿಚ್ ಐತಿ, ಸ್ವರದ ಶುರುವಿಗೆ ಟಿಂಗ್ ಅಂತ ಒಂದು ಪೆಟ್ಟು ಕೊಡತೈತಿ, ಆದ್ರ ಎಲ್ಲಾ ಬೆರಳು ಎತ್ತಿ ಮತ್ತ ಒತ್ತಿದ್ರ ಮಾತ್ರ. ನಾವು ಪೆಟಗಿಯವರು ಸ್ವರಕ್ಕ ಸ್ವರ ಅಂಟಿಸಿ ಬಾರಿಸತೀವಿ, ಹಂಗಾಗಿ ಮೊದಲನೇ ಸ್ವರಕ್ಕ ಟಿಂಗ್ ಬಂದು ಆಮ್ಯಾಲ ಬರಂಗಿಲ್ಲ, ವಾದ್ಯ ಕೆಟ್ಟೈತಿ ಅಂತ ತಿಳ್ಕೊಬ್ಯಾಡ್ರಿ.

ಹ್ಯಾಮಂಡ್‌ಗೆ ಹಚ್ಚೋ ಲೆಸ್ಲಿ ಸ್ಪೀಕರ್ ಬ್ಯಾರೆನ ವಾದ್ಯ ಅಂತ ತಿಳೀರಿ. ಮರದ ಡಬ್ಬಿ, ಮ್ಯಾಲ ತಿರುಗೋ ಹಾರ್ನ್, ಕೆಳಗ ತಿರುಗೋ ಡ್ರಮ್. ಧ್ವನಿ ಸನೇಕ ಬಂದು ದೂರ ಹೋಗತೈತಿ, ರೈಲ್ವೆ ಗೇಟಿನ ಹಂತೇಲೆ ನಿಂತಾಗ ಹಾರ್ನ್ ಏರಿ ಇಳಿದಂಗ. ಡಾನ್ ಲೆಸ್ಲಿ ಇದನ್ನ ಮಾಡಿದ್ರು, ಹ್ಯಾಮಂಡ್ ಅವರಿಗೆ ಇದು ಸೇರಲಿಲ್ಲ, ಆದ್ರೂ ಇವತ್ತಿಗೆ ಜನ ಹ್ಯಾಮಂಡ್ ಸೌಂಡ್ ಅನ್ನೋದು ಎರಡೂ ಕೂಡಿದ್ದನ್ನ. ತಿರುಗೋ ವೇಗ ನಿಧಾನದಿಂದ ಜೋರಿಗೆ ಹೋಗೋ ಆ ನಾಕೈದು ಸೆಕೆಂಡ್ ಐತಲ್ಲ, ಅದರಾಗ ಜೀವ ಐತಿ. ಡಿಜಿಟಲ್ ವಾದ್ಯ ಆರಿಸೋವಾಗ ನಾ ಮೊದಲ ಅದನ್ನ ಕೇಳತೀನಿ, ಗಕ್ಕನ ಬದಲಾದ್ರ ಆ ವಾದ್ಯ ಬ್ಯಾಡ.

ಹ್ಯಾಮಂಡ್ ಹೊರಾಕ ಆಗಂಗಿಲ್ಲ ಅಂತನ 1960ರ ದಶಕದಾಗ ಟ್ರಾನ್ಸಿಸ್ಟರ್ ಆರ್ಗನ್ ಬಂದವು. ಇಂಗ್ಲೆಂಡಿನ ವಾಕ್ಸ್ ಕಾಂಟಿನೆಂಟಲ್ 1962ರದು, 49 ಕೀ, ಬಿಳಿ ಜಾಗದಾಗ ಕಪ್ಪು ಕಪ್ಪು ಜಾಗದಾಗ ಬಿಳಿ, ಕೆಂಪು ಕಿತ್ತಳಿ ಮುಚ್ಚಳ. ಇಟಲಿಯ ಫಾರ್ಫಿಸಾ ಕಾಂಪ್ಯಾಕ್ಟ್ ಒಂದೆರಡು ವರ್ಷ ಆದ ಮ್ಯಾಲ. ಇವುಗಳಾಗ ಚಕ್ರ ಇಲ್ಲ, ಹನ್ನೆರಡು ಸ್ವರಕ್ಕ ಹನ್ನೆರಡು ಆಸಿಲೇಟರ್ (ಸ್ವರ ಹುಟ್ಟಸೋ ಸರ್ಕಿಟ್), ಎಲ್ಲಾಕ್ಕಿಂತ ಮ್ಯಾಲಿನ ಸಪ್ತಕದ್ದು, ಅದನ್ನ ಎರಡರಿಂದ ಭಾಗಿಸಿ ಕೆಳಗಿನ ಸಪ್ತಕ, ಮತ್ತ ಭಾಗಿಸಿ ಅದರ ಕೆಳಗಿನದು. ಧ್ವನಿ ತೆಳ್ಳಗ, ಚೂಪಗ. ಫಾರ್ಫಿಸಾ ಇನ್ನೂ ಗುಂಯ್ ಅಂತೈತಿ. ನನ್ನ ಕಿವಿಗೆ ನಮ್ಮ ಪೆಟಗಿಯ ಫೀಮೇಲ್ ರೀಡಿಗೆ (ಎತ್ತರದ ಧ್ವನಿದು) ಇವ ಹತ್ರ, ಹ್ಯಾಮಂಡ್ ಬಾಸ್ ರೀಡ್ (ದಪ್ಪ ಧ್ವನಿದು) ಮೇಲ್ ರೀಡ್ (ನಡುವಿನದು) ಕೂಡಿದ ತುಂಬು ಧ್ವನಿಗೆ ಹತ್ರ. ಇದು ಬರೇ ನನ್ನ ಅನಿಸಿಕಿ.

ಎಲೆಕ್ಟ್ರಿಕ್ ಪಿಯಾನೋ ಬಗ್ಗೆ ಸ್ವಲ್ಪದಾಗ ಮುಗಸತೀನಿ. ರೋಡ್ಸ್ ಅನ್ನೋ ಪಿಯಾನೋದಾಗ ಸುತ್ತಿಗಿ ಒಂದು ಉಕ್ಕಿನ ಕಡ್ಡಿಗೆ ಬಡಿತೈತಿ, ವುರ್ಲಿಟ್ಸರ್ ಅನ್ನೋದರಾಗ ಉಕ್ಕಿನ ರೀಡಿಗೆ. ಹೌದ್ರಿ, ರೀಡ! ನಮ್ಮ ರೀಡನ್ನ ಗಾಳಿ ಅಲ್ಲಾಡಸತೈತಿ, ಅವರ ರೀಡನ್ನ ಸುತ್ತಿಗಿ. ಅಲ್ಲೂ ತುದಿಯ ತೂಕ ಕಮ್ಮಿ ಮಾಡಿದ್ರ ಸ್ವರ ಏರತೈತಿ. ಆದ್ರ ಪೆಟ್ಟು ಬಿದ್ದ ಮ್ಯಾಲ ಸ್ವರ ಕರಗಿ ಹೋಗತೈತಿ, ಬೆರಳಿನ ಜೋರಿನ ಮ್ಯಾಲ ಎಲ್ಲಾ ನಿಂತೈತಿ, ಅದಕ್ಕ ಕೈ ಹೊಸದಾಗಿ ಕಲೀಬೇಕು. ರೋಡ್ಸ್ ಸ್ಟೇಜ್ 73 ಹತ್ರ 60 ಕೆಜಿ, ವುರ್ಲಿಟ್ಸರ್ 200ಎ ಹತ್ರ 25.

ಹಗುರಾದ ವಾದ್ಯ ಅಂದ್ರ ನಮ್ಮ ಕಡೆ ಬೆಂಜೊ ಬಿಡಾಕ ಬರಂಗಿಲ್ಲ, ಗಣಪತಿ ಕಳಸೋ ಮೆರವಣಿಗಿಯೊಳಗ ಲೌಡ್ ಸ್ಪೀಕರಿಗೆ ಹಚ್ಚಿ ಬಾರಿಸ್ತಾರಲ್ಲ, ಅದರ ಖರೇ ಹೆಸರು ಬುಲ್‌ಬುಲ್ ತರಂಗ, ಮೂಲ ಜಪಾನಿನ ತೈಶೋಗೋತೊ, ಟೈಪ್‌ರೈಟರ್ ಕೀ ಕೆಳಗ ತಂತಿ. ಕಲಿಯಾಕ ಹಗುರ, ಎರಡು ಸಪ್ತಕದಾಗ ಮುಗಿತೈತಿ. ಕ್ಯಾಸಿಯೋ ಎಸ್‌ಎ-46 ಮಕ್ಕಳಿಗೆ ಅಂತಾರ, 32 ಸಣ್ಣ ಕೀ, ಒಂದ ಸಲಕ್ಕ ಎಂಟು ಸ್ವರ, ಒಂದು ಕೆಜಿ, ಸ್ವರ ಹುಡುಕಿ ನೋಡಾಕ ಪ್ರವಾಸದಾಗ ಅದ ಸಾಕು.

ಈಗ ನಾ ಬಾರಿಸೋದು ಯಮಹಾ ರಿಫೇಸ್ ವೈಸಿ. 2015ರದು, 37 ಸಣ್ಣ ಕೀ, 1.9 ಕೆಜಿ, ಆರು ಎಎ ಸೆಲ್ ಮ್ಯಾಲ ಓಡತೈತಿ. ಒಳಗ ಐದು ನಮೂನಿ ಆರ್ಗನ್, ಹ್ಯಾಮಂಡ್, ವಾಕ್ಸ್, ಫಾರ್ಫಿಸಾ ಮೂರೂ ಕೇಳತಾವು, ಒಂಬತ್ತು ಡ್ರಾಬಾರ್ ಖರೇ ಖರೇ ಅದಾವು, ಎಳದು ನೋಡಿ ಕಲಿಬಹುದು. ಎಲೆಕ್ಟ್ರಿಕ್ ಪಿಯಾನೋ ಬೇಕಂದವರಿಗೆ ಅದರ ತಮ್ಮ ಸಿಪಿ ಐತಿ. ಕೊರತಿ ಅಂದ್ರ ಕೀ ಸಣ್ಣ, ದೊಡ್ಡ ಕೈಯವರಿಗೆ ತ್ರಾಸ ಆಗತೈತಿ, ಮೂರು ಸಪ್ತಕದಾಗ ಎರಡೂ ಕೈ ಹಿಡಸಂಗಿಲ್ಲ. ದುಡ್ಡು ಇದ್ದವರು ನಾರ್ಡ್ ಎಲೆಕ್ಟ್ರೋ ತಗೋರಿ, 61 ಅಥವಾ 73 ಕೀ, ಕೀಯ ಮುಂದಿನ ಅಂಚು ಗುಂಡಗ, ಅಂಗೈ ಎಳದ್ರ ಬಡಿಯಂಗಿಲ್ಲ. ಯಾವುದ ತಗೊಳ್ರಿ, ಎಕ್ಸ್‌ಪ್ರೆಷನ್ ಪೆಡಲ್ (ಕಾಲಿನಿಂದ ಧ್ವನಿ ಜೋರು ಸಣ್ಣ ಮಾಡೋದು) ಹಚ್ಚಾಕ ಜಾಗ ಐತೇನ ಮೊದಲ ನೋಡ್ರಿ. ಅದ ನಿಮ್ಮ ಭಾತೆ. ಭಾತೆ ಇಲ್ಲದ ಆರ್ಗನ್ ಬಾರಿಸಿದ್ರ ಪೆಟಗಿ ಕೈಯವರಿಗೆ ಉಸಿರು ಕಟ್ಟಿದಂಗ ಆಗತೈತಿ, ನಂದು ಒಂದು ತಿಂಗಳು ಹಂಗ ಆತು.

ಪೆಟಗಿ ಬಿಡ್ರಿ ಅಂತ ನಾ ಎಲ್ಲೂ ಹೇಳಾಕತ್ತಿಲ್ಲ. ಕಾಗವಾಡದಾಗ 1917ರಾಗ ಹುಟ್ಟಿ ಬೆಳಗಾವಿಯಾಗ ಬಾಳಿದ ಪಂಡಿತ ರಾಮಭಾವು ಬಿಜಾಪುರೆ ಅವರು ಸೋಲೊ ಬಾರಿಸಿ ತೋರಿಸ್ಯಾರ, ಆಕಾಶವಾಣಿಯವರು 1940ರಿಂದ 1971ರ ತನಕ ಪೆಟಗಿಯನ್ನ ಹೊರಗ ಇಟ್ಟ ಕಾಲದಾಗೂ. ಮೀಂಡ್ (ಸ್ವರದಿಂದ ಸ್ವರಕ್ಕ ಜಾರೋದು) ಬರಂಗಿಲ್ಲ, ಸಪ್ತಕವನ್ನ ಹನ್ನೆರಡು ಸಮಭಾಗ ಮಾಡಿದ್ದು ಅನ್ನೋದು ಆಗಿನ ತಕರಾರು. ಆ ತಕರಾರು ಈ ಎಲ್ಲಾ ಆರ್ಗನ್‌ಗೂ ಹತ್ತತೈತಿ, ಮತ್ತ ಅದನ್ನ ನಿಮ್ಮ ಕಿವಿಯಿಂದನ ಅಳಿಯಾಕ ಬರತೈತಿ.

ಮುಂದಿನ ವಾರಕ್ಕ ಇದನ್ನ ಮಾಡ್ಕೊಂಡು ಬರ್ರಿ. ಮುಂಜಾನೆ ಗದ್ದಲ ಇಲ್ಲದಾಗ ತಂಬೂರಿಯನ್ನ ಕಪ್ಪು 1ಕ್ಕ (C#) ಕೂಡಸ್ರಿ, ಕೀಬೋರ್ಡ್ ಮ್ಯಾಲ ಜೋಡಿ ತಂತಿಯ (ತಂಬೂರಿಯ ನಡುವಿನ ಎರಡು ತಂತಿ) ಸಾ ಒತ್ತಿ ಹಿಡೀರಿ, ವೈಬ್ರೇಟೊ ಲೆಸ್ಲಿ ಎಲ್ಲಾ ಬಂದ್. ಮೊದಲ 2⅔ ಕಡ್ಡಿ ಒಂದ ಎಳೀರಿ. ತಂಬೂರಿಯ ಪಾಗೂ ಇದಕ್ಕೂ ಅಂತರ ಭಾಳ ಸಣ್ಣದು, ಎರಡೂ ಕೂಡಿದಾಗ ಧ್ವನಿ ಏರಿ ಇಳಿಯೋ ಅಲೆ ಎರಡು ಸೆಕೆಂಡಿಗೆ ಒಂದು ಸಲ, ಉಸಿರಾಡಿದಂಗ. ಅದನ್ನ ಒಳಗ ದೂಡಿ 1⅗ ಎಳೀರಿ. ಕೀಬೋರ್ಡಿನ ಗಾ ತಂಬೂರಿಯ ಗಾಕ್ಕಿಂತ 14 ಸೆಂಟ್ (ಒಂದು ಕೀಯಿಂದ ಬಾಜೂ ಕೀಗೆ 100 ಸೆಂಟ್) ಮ್ಯಾಲ ಐತಿ, ಹಂಗಾಗಿ ಸೆಕೆಂಡಿಗೆ ಐದಾರು ಸಲ ಢವ ಢವ ಅಂತೈತಿ. ಕಡ್ಡಿಯನ್ನ 8ರಿಂದ ಮೆಲ್ಲಕ ಇಳಿಸಿಕೋತ ಬರ್ರಿ, ಆ ಢವ ಢವ ನಿಂತು ತಂಬೂರಿಯ ಗಾ ಒಂದ ಉಳಿಯೋದು ಯಾವ ನಂಬರಿಗೆ ಅಂತ ಬರಕೊಳ್ರಿ. ನಂದು 2ಕ್ಕ ನಿಂತಿತು.