ನಕಲಿಕಾರ ಮೊನಾಲಿಸಾ ಬಿಡಿಸುವುದಿಲ್ಲ

ಪ್ರಶ್ನೆ: ಕಲಾಲೋಕದ ಮೋಸದ ಬಗ್ಗೆ ಹಾಸ್ಯ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದೇನೆ. ನನ್ನ ನಾಯಕ ಪ್ರಸಿದ್ಧ ಚಿತ್ರವೊಂದರ ತದ್ರೂಪು ಬಿಡಿಸಿ ಕೋಟ್ಯಧೀಶನಿಗೆ ಮಾರುತ್ತಾನೆ. ಅವನು ಹೇಗೆ ಸಿಕ್ಕಿಬೀಳಬೇಕು?

ಉತ್ತರ: ಸಿಕ್ಕಿಬೀಳುವುದು ಆಮೇಲಿನ ಮಾತು. ಮೊದಲು ಮಾರಲಿ, ನೋಡೋಣ. ಅಸಲಿ ಯಾವ ಮ್ಯೂಸಿಯಂನ ಗೋಡೆಯ ಮೇಲಿದೆ ಎಂಬುದು ಕೋಟ್ಯಧೀಶನ ಡ್ರೈವರ್‌ಗೂ ಫೋನಿನಲ್ಲಿ ಎರಡು ನಿಮಿಷಕ್ಕೆ ಗೊತ್ತಾಗುತ್ತದೆ. ಎಷ್ಟು ಸಲ ಹೇಳಿದರೂ ಈ ತದ್ರೂಪಿನ ಭೂತ ಬಿಡುವುದಿಲ್ಲ. ಪಳಗಿದವನು ಇರುವ ಚಿತ್ರವನ್ನು ನಕಲು ಮಾಡುವುದಿಲ್ಲ, ಇಲ್ಲದ ಚಿತ್ರವನ್ನು ‘ಪತ್ತೆ’ ಮಾಡಿಸುತ್ತಾನೆ.

ಹಾಲೆಂಡಿನ ನಕಲಿಕಾರ ಹಾನ್ ವಾನ್ ಮೇಗರೆನ್‌ನನ್ನೇ ತೆಗೆದುಕೊಳ್ಳಿ. 17ನೇ ಶತಮಾನದ ಡಚ್ ಕಲಾವಿದ ವರ್ಮೀರ್ ಬಿಡಿಸಿದ್ದೆಂದು ಗೊತ್ತಿರುವ ಚಿತ್ರಗಳು ಸುಮಾರು 35, ಅವುಗಳಲ್ಲಿ ಬೈಬಲ್ ಕಥೆಯವು ತೀರಾ ಅಪರೂಪ. ಅಂಥವು ಇನ್ನೂ ಎಲ್ಲೋ ಇರಬೇಕು ಎಂದು ಪಂಡಿತರು ನಂಬಿದ್ದರು. ಮೇಗರೆನ್ ಆ ನಂಬಿಕೆಗೇ ಬಣ್ಣ ಹಚ್ಚಿದ. 17ನೇ ಶತಮಾನದ ಕ್ಯಾನ್ವಾಸ್ ಕೊಂಡು ಮೇಲಿನ ಚಿತ್ರ ಕೆರೆದ. ಎಣ್ಣೆಬಣ್ಣ ಪೂರ್ತಿ ಗಟ್ಟಿಯಾಗಲು ದಶಕಗಳು ಬೇಕು. ಹೊಸದಾದರೆ ಆಲ್ಕೋಹಾಲ್ ಸವರಿದಾಗ ಕರಗುತ್ತದೆ. ಅದಕ್ಕೆ ಬಣ್ಣದ ಪುಡಿಯನ್ನು ಬೇಕಲೈಟ್ ಎಂಬ ಗಟ್ಟಿ ಪ್ಲಾಸ್ಟಿಕ್ ತಯಾರಿಸುವ ಫೀನಾಲ್-ಫಾರ್ಮಾಲ್ಡಿಹೈಡ್‌ನಲ್ಲಿ ಕಲಸಿ, ಚಿತ್ರವನ್ನು 100 ಡಿಗ್ರಿಗೂ ಮೇಲಿನ ಶಾಖದಲ್ಲಿ ಒಲೆಯಲ್ಲಿ ಬೇಯಿಸಿದ. ಉರುಳೆಗೆ ಸುತ್ತಿ ಬಿರುಕು ಬರಿಸಿದ, ಬಿರುಕಿಗೆ ಕಪ್ಪು ಶಾಯಿ ತುಂಬಿದ. 1937ರಲ್ಲಿ ವೃದ್ಧ ಪಂಡಿತ ಬ್ರೆಡಿಯಸ್ ಅದನ್ನು ವರ್ಮೀರನ ಮೇರುಕೃತಿ ಎಂದು ಹೊಗಳಿ ಬರೆದರು. ಹೋಲಿಸಿ ನೋಡಲು ಅಸಲಿಯೇ ಇಲ್ಲದಿದ್ದರೆ ಯಾವ ಪಂಡಿತ ತಾನೆ ಏನು ಮಾಡಿಯಾನು?

ಚಿತ್ರಕ್ಕಿಂತ ಕಾಗದ ಮುಖ್ಯ. ಸೈಟು ಕೊಳ್ಳುವಾಗ ಮೂಲಪತ್ರ ಕೇಳುವುದಿಲ್ಲವೇ? ಇಲ್ಲೂ ಅಷ್ಟೇ, ಯಾರ ಕೈಯಿಂದ ಯಾರ ಕೈಗೆ ಬಂತೆಂದು ಕೇಳುತ್ತಾರೆ. ಬ್ರಿಟನ್ನಿನ ಜಾನ್ ಡ್ರೂ ಲಂಡನ್ನಿನ ಟೇಟ್ ಗ್ಯಾಲರಿಯ ದಾಖಲೆ ಕೋಣೆಯಲ್ಲೇ ಸುಳ್ಳು ಕಾಗದ ಸೇರಿಸಿಟ್ಟಿದ್ದ. ಅವನ ಜೊತೆಗಾರ ಚಿತ್ರ ಬಿಡಿಸಿದ್ದು ಗೋಡೆಗೆ ಬಳಿಯುವ ಎಮಲ್ಷನ್‌ನಲ್ಲಿ! ಜರ್ಮನಿಯ ಬೆಲ್ಟ್ರಾಕಿ ತನ್ನ ಹೆಂಡತಿಗೆ ಅವಳ ಅಜ್ಜಿಯ ವೇಷ ಹಾಕಿಸಿ, ಹಿಂದೆ ನಕಲಿ ಚಿತ್ರಗಳನ್ನು ನೇತುಹಾಕಿ, ಹಳೇ ಕಾಲದ ಫೋಟೋ ತೆಗೆದ. ನಿಮ್ಮ ಹಾಸ್ಯ ಇಲ್ಲಿಂದ ಹುಟ್ಟಬೇಕು, ಮ್ಯೂಸಿಯಂನ ಕಿಟಕಿ ಹಾರುವುದರಿಂದಲ್ಲ.

ಇನ್ನು ಸಿಕ್ಕಿಬೀಳುವುದು. ಬೆಲ್ಟ್ರಾಕಿ 1914ರದ್ದೆಂದು ಮಾರಿಸಿದ ಚಿತ್ರದಲ್ಲಿ ಟೈಟೇನಿಯಂ ಬಿಳಿ ಎಂಬ ಬಣ್ಣ ಸಿಕ್ಕಿತು. ಅದು ಕಲಾವಿದರ ಕೈಗೆ ಬಂದದ್ದೇ 1920ರ ದಶಕದಲ್ಲಿ. ಅವನು ಕೊಂಡಿದ್ದ ಸತುವಿನ ಬಿಳಿಯ ಟ್ಯೂಬಿನಲ್ಲಿ ಅದು ಬೆರೆತಿತ್ತು, ಮೇಲಿನ ಚೀಟಿಯಲ್ಲಿ ಸುಳಿವೇ ಇರಲಿಲ್ಲ. ಮೋಸಗಾರನಿಗೇ ಮೋಸ! ನ್ಯೂಯಾರ್ಕಿನಲ್ಲಿ ಅಮೆರಿಕದ ಕಲಾವಿದ ಜಾಕ್ಸನ್ ಪೊಲಾಕ್ ಹೆಸರಿನ ನಕಲಿಯೊಂದರ ಸಹಿಯಲ್ಲಿ ಒಂದು ಅಕ್ಷರವೇ ಬಿಟ್ಟುಹೋಗಿತ್ತು. ಇದನ್ನು ನೀವು ಕಾದಂಬರಿಯಲ್ಲಿ ಬರೆದರೆ ಸಂಪಾದಕರು ‘ಅತಿಯಾಯಿತು’ ಎಂದು ಹೊಡೆದುಹಾಕುತ್ತಾರೆ. ಮೇಗರೆನ್‌ನ ಪಾಡಂತೂ ಉಲ್ಟಾ. ನಾಜಿ ನಾಯಕ ಗೋರಿಂಗ್‌ನ ಕೈಗೆ ವರ್ಮೀರ್ ಸೇರಿಸಿದ ದೇಶದ್ರೋಹಿ ಎಂದು 1945ರಲ್ಲಿ ಹಿಡಿದಾಗ, ‘ನಾನು ನಕಲಿ ಮಾಡಿದವನು ಸ್ವಾಮೀ’ ಎಂದು ಗೋಗರೆದು, ಕಾವಲಿನಲ್ಲಿ ಇನ್ನೊಂದು ‘ವರ್ಮೀರ್’ ಬಿಡಿಸಿ ತೋರಿಸಬೇಕಾಯಿತು.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ಅಜ್ಜಿಮನೆಯ ರವಿವರ್ಮ ಲಕ್ಷ್ಮಿ ನಕಲಿಯೂ ಅಲ್ಲ, ಕೈಯಲ್ಲಿ ಬಿಡಿಸಿದ್ದೂ ಅಲ್ಲ. 1894ರಲ್ಲಿ ಮುಂಬೈಯಲ್ಲಿ ಶುರುವಾದ ರವಿವರ್ಮರ ಪ್ರೆಸ್ ಇಂಥವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ಊರೂರಿಗೆ ಕಳಿಸಿತು. ಗಾಜು ತೆಗೆದು ಹತ್ತು ಪಟ್ಟಿನ ಭೂತಗನ್ನಡಿ ಹಿಡಿಯಿರಿ. ಅಡ್ಡಾದಿಡ್ಡಿ ಬಣ್ಣದ ಚುಕ್ಕಿ ಕಂಡರೆ ಹಳೇ ಕಲ್ಲಚ್ಚು. ಸಾಲಾಗಿ, ಪುಟ್ಟ ಹೂವಿನಂತೆ ಜೋಡಿಸಿದ ಚುಕ್ಕಿಯಾದರೆ ಈಚಿನ ಆಫ್‌ಸೆಟ್. ಒದ್ದೆಬಟ್ಟೆಯಲ್ಲಿ ಮಾತ್ರ ಒರೆಸಬೇಡಿ, ವಾರ್ನಿಷ್ ಕೆಳಗಿರುವುದು ಬರೀ ಕಾಗದ. ಕೆಳಗಿನ ಅಂಚಿನಲ್ಲಿ ಪ್ರೆಸ್ಸಿನ ಹೆಸರು ಇರಬಹುದು, ಫ್ರೇಮು ಹಾಕಿದವನು ಅದನ್ನು ಕತ್ತರಿಸಿ ಎಸೆದಿರದಿದ್ದರೆ.